ಮೂರನೇ ಸಲ ಕರದಾಗ

ಸದಲಗಾದ ಮಲಕಾರಿ ಬಗ್ಗೆ ಯಾಕ ಹೇಳಬೇಕಂದ್ರ, ಮಂದಿಗೆ ಬಂದ ಕರೆಗೆ ತಾನು ಓ ಅಂದ ಮನಷ್ಯಾ ಅಂವ. ಅಂಥಾವ್ನ ನಮ್ಮ ಕಡೆ ಇನ್ನೊಬ್ಬನ್ನ ಕಂಡಿಲ್ಲ.

ಟೇಪು, ಆಂಪ್ಲಿಫಾಯರು ರಿಪೇರಿ ಮಾಡ್ತಾನ. ಹಳೇ ಕುರಿ ಕಾಯೂ ಮನೆತನ. ಸಣ್ಣಾವಿದ್ದಾಗ ಇಡೀ ಹಿಂಡಿನ್ಯಾಗ ಕೆಮ್ಮಿದ್ದು ಯಾವ ಕುರಿ ಅಂತ ನೋಡದನ ಹೇಳತಿದ್ನಂತ. ಅದ ಕಿವಿ ಈಗ ದುಕಾನದಾಗ ಕೂತೈತಿ. ತುಟ್ಟಿ ವಾಯರ್ ಹಾಕಿದ್ರ ಸೌಂಡ ಸುಧಾರಿಸ್ತೈತೇನು ಅಂತ ಗಿರಾಕಿ ಕೇಳಿದ್ರ, "ತಾಮ್ರ ತಾಮ್ರನರಿ. ಸ್ಪೀಕರ್ ಚಲೋ ಇದ್ರ ಆತು," ಅಂತಾನ. ಅಷ್ಟ.

ಹೋದ ವರ್ಷ ದ್ರಾಕ್ಷಿ ಬಳ್ಳಿ ಕತ್ತರಸೂ ಛಾಟಣಿ ಹೊತ್ತಿನ್ಯಾಗ ಐಗಳಿಯಿಂದ ಶಿವರಾಜ ಬಂದ. ತೋಟದ ಲಗಮಣ್ಣನ ಮಗ. ಬಂದಾವ ಕುಂಡರಲಿಲ್ಲ.

"ಮಾಮಾ, ನಮ್ಮಪ್ಪ ಊಟಾ ಬಿಟ್ಟಾನ. ಛಾಟಣಿ ಬ್ಯಾಡ, ನಾ ಹೊಂಟೀನಿ ಅಂತಾನ."

"ಎಲ್ಲಿಗೆ?"

"ಅವ್ವನ ಕಡೆ."

ಶಿವರಾಜನ ಅವ್ವ ರುಕ್ಮವ್ವ ತೀರಿ ಹನ್ನೊಂದು ವರ್ಷ ಆಗಿತ್ತು. ಮಗಳ ಲಗ್ನದಾಗ ಅಕಿ ಹಾಡಿದ್ದು ಒಂದು ಕ್ಯಾಸೆಟ್ಟಿನ್ಯಾಗ ಇತ್ತು. ಹಾಡು ಮುಗದ ಮ್ಯಾಲ ಗಂಡನ್ನ ಊಟಕ್ಕ ಕರೀತಾಳ. "ಏನ್ರೀ... ಬರ್ರಿ." ಅದೂ ಟೇಪಿನ್ಯಾಗ ಸಿಕ್ಕಿತ್ತು. ಇಷ್ಟ ವರ್ಷ ಟ್ರಂಕಿನ್ಯಾಗ ಬಿದ್ದಿತ್ತು. ಶಿವರಾಜ ಬರೂ ನಾಕ ದಿನ ಮೊದಲ ಲಗಮಣ್ಣ ಕೊಲ್ಲಾಪುರದಿಂದ ಒಂದು ಎಮ್ಮಿ ಬರೂವಷ್ಟು ರೊಕ್ಕಾ ಕೊಟ್ಟು ಸ್ಪೀಕರ್ ವಾಯರ್ ತಂದು, ಜೋಡಿಸಿ, ಕೇಳಿದ. ಹಾಡು ಮುಗದು ಸುಮ್ಮನಾತು. ಆಗ ಬಾಳ ದೂರದಿಂದ, ಬಾವಿ ತಳದಾಗಿಂದ ಬಂದಂಗ, "ಏನ್ರೀ... ಬರ್ರಿ." ಅದರ ಬೆನ್ನಿಗೆ ಜೋರಾಗಿ, ಅದ ದನಿ, "ಏನ್ರೀ... ಬರ್ರಿ."

ಎರಡ ಸಲ.

ನಮ್ಮ ಕಡೆ ಕಾಣದವರು ಕರದ್ರ ಮೂರು ಸಲ ಆಗೂತನಕ ಯಾರೂ ಓ ಅನ್ನಾಂಗಿಲ್ಲ. ದೆವ್ವ ಎರಡ ಸಲ ಕರೀತೈತಿ, ಮೂರನೇದು ಖರೇನ ನಮ್ಮವರದು ಅಂತಾರ.

"ಇನ್ನೂ ತುಟ್ಟಿದು ಒಂದು ವಾಯರ್ ತರಿಸ್ಯಾನ ಮಾಮಾ. ಅದನ್ನ ನೀನ ಜೋಡಸಬೇಕಂತ. ಮೂರನೇದು ಕೇಳಿದ್ರ ಓ ಅಂದು ಹೊಂಟ ಬಿಡ್ತಾನಂತ."

ಮಲಕಾರಿ ಶಟರ್ ಎಳದು ಅವನ ಗಾಡಿ ಹತ್ತಿದ.

ಮಧ್ಯಾಹ್ನದ ಬಿಸಲು. ಸುತ್ತ ತೋಟದಾಗ ನೀರಿನ ಮೋಟರ್ ಗುಂಯ್ ಅನ್ನಾಕತ್ತಿದ್ವು. ಲಗಮಣ್ಣ ಸ್ಪೀಕರ್ ಮುಂದ ಹೊಸ ಧೋತರ ಉಟಗೊಂಡು ಕುಂತಿದ್ದ. ಗಲ್ಲ ಒಳಗ ಹೋಗಿದ್ವು.

"ಬಾರಲೇ ಕುರುಬಾ. ತಡಾ ಮಾಡಿದಿ. ಅಕಿ ಕಾಯಾಕತ್ತಾಳ."

ಮಲಕಾರಿ ಹೊಸಾ ವಾಯರಿನ ಗಂಟ ಬಿಚ್ಚಲಿಲ್ಲ. ಮೊದಲಿನ ತುಟ್ಟಿ ವಾಯರೂ ಕಿತ್ತು ಹಾಕಿದ. ಪಂಪ್ ಶೆಡ್ಡಿನ್ಯಾಗ ಬಿದ್ದ ಲೈಟಿನ ವಾಯರ್ ತಂದು ಹಲ್ಲಿಂದ ಕಡದು ಜೋಡಿಸಿದ.

"ಕಾಕಾ, ಈಗ ಕೇಳ್ರಿ."

ಹಾಡು ಮುಗೀತು. ದೂರದಿಂದ ಒಂದ ಸಲ. ಹತ್ತರದಿಂದ ಒಂದ ಸಲ. ಹಂಗ ಇತ್ತು.

"ನೋಡ್ರಿ. ವಾಯರಿಂದ ಏನೂ ಇಲ್ಲ."

ಲಗಮಣ್ಣ ಎದ್ದ ನಿಂತ. ಕಣ್ಣ ಹೊಳದ್ವು. "ಹಂಗಾದ್ರ ವಾಯರ್ ಅಲ್ಲ. ಅಕೀನ!"

ಮಲಕಾರಿ ಬಗ್ಗಿ ಟೇಪಿನೊಳಗ ನೋಡಿದ. "ಅಲ್ಲರಿ. ವಾಯರ್ ಹಾಕಿದ ದಿನ ಟೇಪಿನ ಹೆಡ್ ಒರಸಿದ್ರೇನು?"

"ನಾ ಒರಸಿದ್ದೆ, ಸ್ಪಿರಿಟ್ ಹಚ್ಚಿ," ಅಂದ ಶಿವರಾಜ.

"ಹೊಲಸ ಹೋಗೇತಿ, ಅದಕ್ಕ ಸಣ್ಣ ದನೀನೂ ಕೇಳೇತಿ. ಕಾಕಾ, ರೀಲು ಸುತ್ತಿನ ಮ್ಯಾಲ ಸುತ್ತು ಹನ್ನೊಂದು ವರ್ಷ ಒತ್ತಿ ಕುಂತೈತಿ. ಹಸೀ ಬಣ್ಣದ ಸೀರಿ ಮಡಚಿ ಇಟ್ರ ಮುಂದಿನ ಮಡಿಕಿಗೆ ಹತ್ತೂದಿಲ್ಲೇನು? ಹಂಗ ದನೀನೂ ಹತ್ತೈತಿ. ಮುಂದಿನ ಮಡಿಕಿಗೆ, ಹಿಂದಿನ..."

ಆಗ ಅವಗ ಹೊಳೀತು. ಹಿಂದಿನ ಮಡಿಕಿಗೂ ಹತ್ತಿರಬೇಕಲ್ಲ! ಮೂರನೇದು ಅದರಾಗ ಐತಿ. ಮೋಟರ್ ಸಪ್ಪಳದಾಗ ಇಷ್ಟ ದಿನ ಮುಚ್ಚಿತ್ತು.

"ಇನ್ನೊಮ್ಮೆ ಹಚ್ಚು," ಅಂದ ಲಗಮಣ್ಣ, ತಾನ ಕೈ ಹಾಕಿ ಹಚ್ಚಿದ.

ಹಾಡು ಮುಗಿಯೂದಕ್ಕೂ ಮೋಟರಿನ ತ್ರೀ ಫೇಸ್ ಕರೆಂಟ್ ಹೋಗೂದಕ್ಕೂ ಒಂದಾತು. ಮನಿ ಲೈಟು ಇತ್ತು, ಟೇಪು ಓಡಾಕತ್ತಿತ್ತು. ಆದ್ರ ಊರ ತುಂಬ ಮೋಟರ್ ಒಮ್ಮೆಲೆ ನಿಂತ್ವು. ಎಲಿ ಅಳ್ಳಾಡಿದ್ದೂ ಕೇಳತಿತ್ತು.

ಏನ್ರೀ... ಬರ್ರಿ.

ಏನ್ರೀ... ಬರ್ರಿ.

ಲಗಮಣ್ಣ ಬಾಯಿ ತಗದ. ಅಷ್ಟರಾಗ ಗ್ವಾಡಿ ಆಚೆಯಿಂದ ಬಂದಂಗ, ಸಣ್ಣಗ, ಮೂರನೇದು.

"ಓ! ಬಂದ್ನಿ!"

ಅಂದಾವ ಮಲಕಾರಿ.

ಲಗಮಣ್ಣ ಅವನ ಅಂಗಿ ಹಿಡದ. "ನಿನಗ ಕರದಾಳೇನಲೇ?"

"ಓ ಅಂದಾವ್ರು ಹೋಗಬೇಕಲ್ಲರಿ. ನಾ ಅಂದೀನಿ. ನೀವು ಉಣ್ರಿ."

"ಹುಚ್ಚ ಖೋಡಿ, ನಿನಗ ಹೇಂತಿ ಮಕ್ಕಳ ಅದಾವಲೇ!"

"ನಿಮಗ ಮಕ್ಕಳಿಲ್ಲೇನ್ರಿ?"

ಲಗಮಣ್ಣ ಬಾಗಲದಾಗ ನಿಂತ ಮಗನ್ನ ನೋಡಿದ. ಅಂಗಿ ಬಿಟ್ಟ. ಸೊಸಿಗೆ ಕೂಗಿ ಹೇಳಿದ, "ಸೌಂದರ್ಯಾ, ಈ ಹುಚ್ಚಗ ತಾಟ ಹಚ್ಚವಾ." ಆಮ್ಯಾಲ ದನಿ ಸಣ್ಣ ಮಾಡಿ, "ನನಗೂ."

ಬಳ್ಳಿ ಛಾಟಣಿ ಆತು. ಈಗ ಲಗಮಣ್ಣ ದಿನಾ ಮುಂಜಾನೆ ಸದಲಗಾಕ್ಕ ಫೋನ್ ಹಚ್ಚತಾನ. "ಅದಿಯೇನಲೇ?" "ಅದೀನ್ರಿ." ಫೋನ್ ಇಡತಾನ.

ಕ್ಯಾಸೆಟ್ ಮಲಕಾರಿ ಕಡೆ ಐತಿ. ತಿಂಗಳಿಗೊಮ್ಮೆ ಹಚ್ಚಿ ನೋಡತಾನ. ಒತ್ತಿದ ದನಿ ಓಡಿಸಿದಂಗ ಓಡಿಸಿದಂಗ ಸಣ್ಣ ಆಗಬೇಕು. ಮೊದಲನೇದು ಹಂಗ ಆಗೇತಿ. ಮೂರನೇದು ಜೋರಾಗಾಕತ್ತೈತಿ ಅಂತಾನ. ಸುಳ್ಳ ಹೇಳೂ ಮನಷ್ಯಾ ಅಲ್ಲ.

ಸದಲಗಾಕ್ಕ ಹೋದ್ರ ಅವನ್ನ ಭೆಟ್ಟಿ ಆಗ್ರಿ. ಬಸ್‌ಸ್ಟ್ಯಾಂಡ್ ಹಿಂದ, ಹಸರ ಶಟರ್. ಬೆನ್ನ ತಿರುಗಿಸಿ ಕುಂತಿರ್ತಾನ, ಕರದಾವ್ರ ಮಾರಿ ಕಾಣೂತನಕ ಈಗ ಓ ಅನ್ನೂದಿಲ್ಲ. ಎರಡ ಸಲ ಕರದು ವಾಪಸ್ ಬರಬ್ಯಾಡ್ರಿ. ಮೂರನೇ ಸಲ ಕರೀರಿ, ಮುಂದ ಹೋಗಿ ಮಾರಿ ತೋರಸ್ರಿ. ಅವಗ ಅಷ್ಟ ಧೈರ್ಯಾ ಸಾಕು.