ಮೂರನೇ ಹಾಡು

ಯಮಕನಮರಡಿಯ ಆ ಗಿಟಾರಿನವನು ಮದುವೆಗಳ ಆರ್ಕೆಸ್ಟ್ರಾ ಬಿಟ್ಟು, ಕೊಲ್ಹಾಪುರದ ಸ್ಟುಡಿಯೋದಲ್ಲಿ ತಾನೇ ಬರೆದ ರಾಕ್ ಹಾಡುಗಳ ಕ್ಯಾಸೆಟ್ ಮಾಡಿಸಿದ್ದ. ಗೋಕಾಕದ ನನ್ನ ಕ್ಯಾಸೆಟ್ ಅಂಗಡಿಗೂ ಮಾರಲು ಹತ್ತು ಕೊಟ್ಟ. ನಿಂತು ಮಾತಾಡುವಾಗಲೂ ಅವನ ಎಡಗೈ ಬೆರಳುಗಳು ಕೌಂಟರಿನ ಗಾಜಿನ ಮೇಲೆ ಇಲ್ಲದ ತಂತಿಗಳನ್ನು ಒತ್ತುತ್ತಿದ್ದವು. ಬಂದಾಗೆಲ್ಲ, "ಒಮ್ಮೆ ಕೇಳ್ರಿ ಅಣ್ಣಾರ" ಅನ್ನುತ್ತಿದ್ದ.

ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಅವನ ಹಾಡು ಅಳಿಸಿ, ಭಜನೆ ರೆಕಾರ್ಡ್ ಮಾಡಿ ಮಾರಿಬಿಟ್ಟೆ.

"ಎಲ್ಲಾ ಹೋದುವು" ಅಂದಾಗ ಅವನ ಕಣ್ಣುಗಳು ಅರಳಿದವು. "ಮಂದಿಗೆ ಯಾವ ಹಾಡು ಸೇರೈತ್ರಿ?"

"ಮೂರನೇದು" ಅಂದೆ, ಬಾಯಿಗೆ ಬಂದದ್ದು.

ತಿಂಗಳಾದ ಮೇಲೆ ಹೊಸ ಹತ್ತು ತಂದ. ತಲೆ ತಗ್ಗಿಸಿಯೇ ಇಸಿದುಕೊಂಡೆ.

"ನೀವ ಹೇಳಿದ್ರಲ್ರಿ, ಮೂರನೇದನ್ನ ಮೊದಲಿಗೆ ಹಾಕಿಸೇನ್ರಿ. ಒಮ್ಮೆ ಕೇಳ್ರಿ ಅಣ್ಣಾರ."