ಕಣ್ಣಿಗೊತ್ತಿಕೊಂಡ ಕೈ

ಅಂದು ಬೆಳಿಗ್ಗೆಯೂ ಎಂದಿನಂತೆ ರೊಟ್ಟಿ ಬಡಿಯುತ್ತಿದ್ದೆ. ಹತ್ತನೆಯ ತರಗತಿಯ ಮಗಳು ಅಡುಗೆಮನೆಯ ಬಾಗಿಲಲ್ಲಿ ಕುಳಿತು ಸಾಕ್ಸ್ ಏರಿಸಿಕೊಂಡಳು. ಏಳುವಾಗ ಅವಳ ಕಾಲು ನನ್ನ ಕಾಲಿಗೆ ತಾಗಿತು. ಬಗ್ಗಿ ನನ್ನ ಪಾದ ಮುಟ್ಟಿ, ಬೆರಳು ಕಣ್ಣಿಗೊತ್ತಿಕೊಂಡಳು. ಕಾಲು ತಾಗಿದಾಗಲೆಲ್ಲ ಹಾಗೆಯೇ.

"ಡಬ್ಬಿ ಲಗೂ ಕಟ್ಟಬೇ ಅವ್ವಾ, ಗಾಡಿ ಬಂತು."

ಶಿಗ್ಗಾಂವಿಯಲ್ಲಿ ಹಾನಗಲ್ಲಿನ ಹುಡುಗಿಯರೊಡನೆ ನಮ್ಮ ಸವಣೂರಿನವರ ಫುಟ್‌ಬಾಲ್ ಪಂದ್ಯ. ಗೆದ್ದವರು ಜಿಲ್ಲೆಗೆ ಹೋಗುತ್ತಾರೆ. ಸೋತರೆ ಮಗಳ ಆಟ ಅಲ್ಲಿಗೇ ಮುಗಿದಂತೆ; ಮುಂದೆ ಅವಳು ಸೇರುವ ಕಾಲೇಜಿನಲ್ಲಿ ಹುಡುಗಿಯರ ತಂಡವೇ ಇಲ್ಲ. ನಾನೂ ಅವರ ಟೆಂಪೊ ಹತ್ತಿದೆ.

ಬಂಕಾಪುರ ದಾಟುವಾಗ ಆಟದ ಮಾಸ್ತರರು, ಮೈದಾನದಲ್ಲಿ ಹಿಂದೆ ನಿಂತು ಗೋಲು ಕಾಯುವ ಮಗಳಿಗೂ ಉಳಿದ ಮೂವರಿಗೂ ಹೇಳುತ್ತಿದ್ದರು: "ನಾಲ್ಕೂ ಮಂದಿ ಒಂದ ಹಗ್ಗಕ್ಕ ಕಟ್ಟಿದಂಗ ಸರೀತೀರಿ, ಅದು ಚಲೋ. ಆದ್ರ ಬಾಲ್ ತಲಿ ಮ್ಯಾಲಿಂದ ಹಿಂದ ಬಿತ್ತಂದ್ರ, ತಿರುಗೂದ್ರಾಗ ಅರ್ಧಾ ದಿನಾ ಮಾಡ್ತೀರಿ."

"ಉಳಿದರ್ಧಾ ದಿನಾ ಸೂಟಿ ಕೊಡ್ರಿ ಸರ್," ಎಂದಳು ಒಬ್ಬಳು. ಮಗಳೂ ನಕ್ಕಳು.

ಮೈದಾನದ ಅಂಚಿನ ಬೇವಿನ ಮರದ ಕೆಳಗೆ ಕುಳಿತು ನಾನು ಚೆಂಡನ್ನು ಬಿಟ್ಟು ಆ ನಾಲ್ವರನ್ನೇ ನೋಡಿದೆ. ಚೆಂಡು ಬರುವ ಮೊದಲು ಪಕ್ಕದವಳು ಎಲ್ಲಿದ್ದಾಳೆಂದು ಒಮ್ಮೆ ಕಣ್ಣು ಹಾಯಿಸುತ್ತಿದ್ದರು. ಒಬ್ಬಳು ಮುಂದೆ ಹೋದರೆ ಇನ್ನೊಬ್ಬಳು ಅವಳ ಜಾಗಕ್ಕೆ ಸರಿಯುತ್ತಿದ್ದಳು. ಹಾನಗಲ್ಲಿನವರು ಎಷ್ಟು ಸಲ ನುಗ್ಗಿದರೂ ಅಲ್ಲಿ ಸಂದು ಸಿಗಲಿಲ್ಲ.

ಆಟ ಮುಗಿಯುತ್ತ ಬಂದಾಗ ಚೆಂಡು ಅವರ ತಲೆಯ ಮೇಲಿಂದ ಹಾರಿ ಹಿಂದೆ ಬಿತ್ತು. ಮೂವರು ತಿರುಗುವುದು ತಡವಾಯಿತು. ಮಗಳೊಬ್ಬಳೇ ಓಡಿ ಕಾಲು ಚಾಚಿ ತಡೆದಳು. ಚೆಂಡು ನಿಂತಿತು. ಆದರೆ ಅವಳ ಬೂಟು ಎದುರಾಳಿ ಹುಡುಗಿಯ ಕಾಲಿಗೆ ಬಡಿದಿತ್ತು. ರೆಫರಿ ಸೀಟಿ ಊದಲಿಲ್ಲ; ಆಟ ನಡೆದೇ ಇತ್ತು. ಮಗಳು ಬಗ್ಗಿ ಆ ಹುಡುಗಿಯ ಮೊಣಕಾಲು ಮುಟ್ಟಿ, ಕೈ ಕಣ್ಣಿಗೊತ್ತಿಕೊಂಡಳು.

ಆ ಹುಡುಗಿ ಒಂದು ಕ್ಷಣ ತಬ್ಬಿಬ್ಬಾದಳು. ಆಮೇಲೆ ಚೆಂಡನ್ನು ಒದ್ದಳು. ಇಡೀ ಪಂದ್ಯದಲ್ಲಿ ಅದೊಂದೇ ಗೋಲು.

ಮರಳುವಾಗ ಯಾರೂ ಮಗಳನ್ನು ಬೈಯಲಿಲ್ಲ. ಮಾಸ್ತರರು ಮಾತ್ರ ಮೆಲ್ಲಗೆ, "ನಿನ್ನ ಕಾಲು ಭಾಳ ಚಲೋ ಅದಾವ. ಕೈ ಮನ್ಯಾಗ ಬಿಟ್ಟು ಬರಬೇಕಿತ್ತು ನೋಡವಾ," ಎಂದರು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಡಬ್ಬಿಯ ರೊಟ್ಟಿ ಹಾಗೇ ಇತ್ತು.

ಯಾರಿಗಾದರೂ ತಾಗಿದರೆ 'ಸಾರಿ' ಎನ್ನಲು ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ್ದರು. ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ನನ್ನವ್ವ. ಮಗಳಿಗೆ ನಾನು ಅವ್ವ ಕಲಿಸಿದ್ದನ್ನೇ ಕಲಿಸಿದೆ. ಬಾಯಿಮಾತಿಗಿಂತ ಅದು ಚಂದವೆನಿಸಿತ್ತು. ಈಗಲೂ ಅನಿಸುತ್ತದೆ. ಆದರೆ ಅದನ್ನು ಅವಳಿಗೆ ಅಂದು ಹೇಳುವುದು ನನ್ನಿಂದಾಗಲಿಲ್ಲ.

ಸಂಜೆ ಪಕ್ಕದ ಮನೆಯ ಅಕ್ಕ ಹೆಪ್ಪಿಗೆಂದು ಮೊಸರು ಕೇಳಿಕೊಂಡು ಬಂದರು. ಮಗಳು ಕಟ್ಟೆಯ ಮೇಲೆ ಕಾಲು ಚಾಚಿ ಬೂಟಿನ ಮಣ್ಣು ಕೆರೆಯುತ್ತಿದ್ದಳು. ಅಕ್ಕ ದಾಟುವಾಗ ಇವಳ ಕಾಲು ಅವರಿಗೆ ತಾಗಿತು. ಕೈ ಮೇಲೆದ್ದಿತು, ಅರ್ಧಕ್ಕೆ ನಿಂತಿತು, ಮತ್ತೆ ಬೂಟಿಗೇ ಮರಳಿತು. ಅವಳು ತಲೆ ಎತ್ತಲಿಲ್ಲ.

ನಾನು ಮೊಸರಿನ ಬಟ್ಟಲು ಅಕ್ಕನ ಕೈಗಿತ್ತೆ. ಮೆಟ್ಟಿಲಿಳಿಯುತ್ತ ಅಕ್ಕ ಅಂದರು:

"ಬಾಲ್ ಆಡಾಕ ಹತ್ತಿದ ಮ್ಯಾಲ ನಿಮ್ಮ ಹುಡುಗಿ ಭಾಳ ಜೋರಾಗ್ಯಾಳ ಬಿಡ್ರಿ."