ಸುಮನತ್ತಿಯ ಕರಾಟೆ ಹೀರೋ

ರಬ್ಬರ್ ಚಾಪೆಯ ಮೇಲೆ ಒಣಗಿದ ಬೆವರು, ಅದನ್ನು ಮುಚ್ಚಲು ಯಾರೋ ಧಾರಾಳವಾಗಿ ಸಿಂಪಡಿಸಿದ ಅಗ್ಗದ ಸೆಂಟು. ನಿಪ್ಪಾಣಿಯ ಆ ಕರಾಟೆ ಕ್ಲಾಸಿನ ಬಾಗಿಲಲ್ಲಿ ಮೊಮ್ಮಗಳ ಕೈ ಹಿಡಿದು ನಿಂತ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಗೋಡೆಯ ಮೇಲೆ ದೂರದೇಶದ ಆ ಹಳೆಯ ಕುಂಗ್‌ಫೂ ನಟನ ಚಿತ್ರವಿತ್ತು. ಅದಕ್ಕಿಂತ ದೊಡ್ಡದಾಗಿ ಕ್ಲಾಸಿನ ಮಾಲೀಕರ ಚಿತ್ರ, ಕೊರಳಿನ ಬಂಗಾರದ ಸರದ ಸಮೇತ. "ಇವ್ರ ನೋಡ್ರಿ ನಮಗ ಸ್ಫೂರ್ತಿ. ಹತ್ತ ಮಂದಿ ಬರ್ಲಿ, ಒಬ್ಬನೂ ಎದ್ದ ನಿಂದರಬಾರ್ದು. ಹಂಗ ಹೊಡಿಯೋದು ಕಲಸ್ತೀವ್ರಿ" ಎಂದು ಮಾಲೀಕರು ನಟನ ಚಿತ್ರ ತೋರಿಸಿ ಪಾಲಕರ ಮುಂದೆ ತೋಳು ಉಬ್ಬಿಸಿದರು. ಅವರ ಬೆನ್ನ ಹಿಂದೆಯೇ ಇಬ್ಬರು ಹುಡುಗರು ಒಬ್ಬ ಸಣ್ಣವನನ್ನು ಕೆಡವಿ, ಅವನು ಅಳುವುದನ್ನು ಮೊಬೈಲಿನಲ್ಲಿ ತೆಗೆಯುತ್ತಿದ್ದರು. ಮಾಲೀಕರು ತಿರುಗಿ ನೋಡಿ ನಕ್ಕರು. ನಾನು ಮೊಮ್ಮಗಳನ್ನು ಎಳೆದುಕೊಂಡು ಹೊರಗೆ ಬಂದೆ. ಆ ನಟ ಯಾಕೆ ದೊಡ್ಡವನು ಎಂಬುದನ್ನು ನನಗೆ ಬಹಳ ಹಿಂದೆಯೇ ಒಬ್ಬಳು ಹೇಳಿಕೊಟ್ಟಿದ್ದಳು. ಅವಳು ನನ್ನ ಅಪ್ಪನ ತಂಗಿ, ಸುಮನತ್ತಿ.

ನಮ್ಮ ಮನೆ ಇದೇ ಊರಿನಲ್ಲಿತ್ತು. ಈಗ ಅಲ್ಲಿ ಮೊಬೈಲ್ ಅಂಗಡಿಗಳ ಸಾಲು. ಆಗ ಕೆಳಗೆ ತಂಬಾಕು ತುಂಬಿಡುವ ವಖಾರಿ, ಮೇಲೆ ನಾವು. ಆ ಘಾಟು ಹಾಸಿಗೆಗೆ, ಬಟ್ಟೆಗೆ, ಕುಡಿಯುವ ಹಾಲಿಗೂ ಹತ್ತುತ್ತಿತ್ತು. ನಾವು ಮಕ್ಕಳು ಸೀನುತ್ತಲೇ ಬೆಳೆದೆವು. ನಮ್ಮದು ಜೈನರ ಮನೆ. ಬೆಳಗ್ಗೆ ಬಾವಿಯ ನೀರನ್ನು ಬಿಳಿ ಅರಿವೆಯಲ್ಲಿ ಸೋಸುತ್ತಿದ್ದರು, ಅರಿವೆಗೆ ಸಿಕ್ಕ ಕಣ್ಣಿಗೆ ಕಾಣದ ಜೀವಗಳು ಸಾಯಬಾರದೆಂದು ಅವನ್ನು ಮೆಲ್ಲಗೆ ಬಾವಿಗೇ ಮರಳಿ ಬಿಡುತ್ತಿದ್ದರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತಿತ್ತು. ಮನೆಯ ಹಿರಿಯರಾದ ದೊಡ್ಡಪ್ಪ ಇರುವೆಯ ಸಾಲು ಕಂಡರೆ ದಾಟದೆ ಸುತ್ತು ಹಾಕಿ ಹೋಗುತ್ತಿದ್ದರು. ಆ ಬೆಳಗಿನ ತಂಪು, ಅರಿವೆಯಿಂದ ಕೊಡಕ್ಕೆ ಇಳಿಯುವ ನೀರಿನ ಸದ್ದು ಈಗಲೂ ಬೇಕೆನಿಸುತ್ತದೆ. ಬೇಕೆನಿಸಿದ ಮರುಗಳಿಗೆಯೇ ಅಸಹ್ಯವೂ ಆಗುತ್ತದೆ. ಯಾಕೆಂದರೆ ರಾಯಬಾಗದ ಕಡೆ ಕೊಟ್ಟಿದ್ದ ಸುಮನತ್ತಿ ಗಂಡನ ಏಟಿಗೆ ತುಟಿ ಒಡೆದುಕೊಂಡು ಬರುತ್ತಿದ್ದಳು. ತುಟಿ ಮಾಯುವವರೆಗೆ ಇಟ್ಟುಕೊಂಡು, ಉಡಿ ತುಂಬಿ, ಮತ್ತೆ ಅಲ್ಲಿಗೇ ಕಳಿಸುತ್ತಿದ್ದರು. ಹುಳುವನ್ನು ಬಾವಿಗೆ ಬಿಟ್ಟು ಬದುಕಿಸುವ ಕೈಗಳೇ ಅವಳನ್ನು ಬಸ್ಸಿಗೆ ಹತ್ತಿಸುತ್ತಿದ್ದವು. ಥೂ! ಅವಳ ಚೀಲ ಹಿಡಿದು ಸ್ಟ್ಯಾಂಡಿನವರೆಗೆ ನಾನೂ ಹೋಗುತ್ತಿದ್ದೆ.

ಹಾಗೆ ಬಂದಿದ್ದಾಗೊಮ್ಮೆ ಅತ್ತಿ ನನ್ನನ್ನು ಟಾಕೀಸಿಗೆ ಕರೆದುಕೊಂಡು ಹೋದಳು. ಸಿನೆಮಾದ ಮಾತು ಇಬ್ಬರಿಗೂ ತಿಳಿಯಲಿಲ್ಲ. ಪರದೆಯ ಮೇಲೆ ಎಲ್ಲರಿಗಿಂತ ಗಿಡ್ಡ, ಎಲ್ಲರಿಗಿಂತ ತೆಳ್ಳಗಿನ ಒಬ್ಬ ಮನುಷ್ಯ, ಅದೇ ನಟ. ದೈತ್ಯರಂಥ ಗಂಡಸರು ಅವನನ್ನು ನೋಡಿ ನಗುತ್ತಿದ್ದರು. ಮನೆಗೆ ಮರಳುವ ದಾರಿಯುದ್ದಕ್ಕೂ ನಾನು ಗಾಳಿಗೆ ಒದೆಯುತ್ತ ಬಂದೆ. ಅತ್ತಿ ನನ್ನ ಜಡೆ ಜಗ್ಗಿದಳು. "ಹೊಡಿಯೋದು ಏನ್ ದೊಡ್ಡದ ಬೇ, ನಮ್ಮ ಮನಿಯಾಂವಗೂ ಬರ್ತೈತಿ. ಅವರು ಕೈ ಎತ್ತಿದಾಗ ಇಂವಾ ಹೆಂಗ ನಿಂತಿದ್ದ, ಅದನ್ನ ನೋಡಿದಿಲ್ಲೋ? ಕಣ್ಣ ಸೈತ ಮಿಟುಕಿಸಲಿಲ್ಲ." ಪೇಪರಿನಲ್ಲಿ ಬಂದಿದ್ದ ಅವನ ಚಿತ್ರವನ್ನು ಕತ್ತರಿಸಿ ಅವಳು ಕಪಾಟಿನ ಬಾಗಿಲ ಒಳಗೆ ಅಂಟಿಸಿಕೊಂಡಳು. ಒಂದು ದಿನ ಅದು ನನ್ನ ಅಜ್ಜಿ, ಅಂದರೆ ಆಯಿಯ ಕಣ್ಣಿಗೆ ಬಿತ್ತು. ಅರಿವೆಯಿಲ್ಲದ ಎದೆ, ಎಣಿಸಬಹುದಾದ ಪಕ್ಕೆಲುಬು, ಸ್ಥಿರವಾದ ನೋಟ. ಆಯಿ ಅವನನ್ನು ಉಪವಾಸ ಕೂತ ಯಾರೋ ಮುನಿಯೆಂದೇ ತಿಳಿದಳು. "ಯಾರವಾ ಈ ಪುಣ್ಯಾತ್ಮ? ಎಷ್ಟ ದಿನದ ಉಪವಾಸ ಐತಿ?" ಎಂದು ಕೈ ಮುಗಿದಳು. ಅತ್ತಿ ನಗದೆ, "ಭಾಳ ದೊಡ್ಡ ವ್ರತ ಹಿಡದಾನವ್ವಾ" ಎಂದಳು. ಚಿತ್ರ ಅಲ್ಲೇ ಉಳಿಯಿತು.

ಮಧ್ಯಾಹ್ನ ಆಳುಗಳು ಊಟಕ್ಕೆ ಹೋದ ಮೇಲೆ ವಖಾರಿಯಲ್ಲಿ ನಮ್ಮ ತಾಲೀಮು. ನಾನು ಅವಳ ಮುಖದ ಹತ್ತಿರ ಕೈ ಬೀಸಬೇಕು, ಅವಳು ಕಣ್ಣು ಮುಚ್ಚಬಾರದು. ಮೊದಮೊದಲು ನನ್ನ ಚೋಟುದ್ದದ ಕೈ ಮೇಲೇಳುವುದೇ ತಡ, ಅಷ್ಟು ದೊಡ್ಡ ಹೆಂಗಸು ಎರಡೂ ತೋಳಿನಿಂದ ತಲೆ ಮುಚ್ಚಿಕೊಂಡು ಚೀಲಗಳ ಸಂದಿಗೆ ಕುಸಿಯುತ್ತಿದ್ದಳು. ನನಗೆ ಅಳು ಬರುತ್ತಿತ್ತು. "ಅಳಬ್ಯಾಡ, ಇನ್ನೊಮ್ಮೆ" ಎನ್ನುತ್ತಿದ್ದಳು. ಕೆಲವು ವಾರಗಳಲ್ಲಿ ಅವಳ ಕಣ್ಣು ಮಿಟುಕುವುದು ನಿಂತಿತು. ಆಮೇಲೆ ಬೀಸಿದ ಕೈಯನ್ನು ನಡುದಾರಿಯಲ್ಲೇ ಹಿಡಿಯುವುದನ್ನು ಕಲಿತಳು, ನನಗೆ ನೋವಾಗದ ಹಾಗೆ.

ಅತ್ತಿಯ ಗಂಡ ಅವಳನ್ನು ಕರೆದುಕೊಂಡು ಹೋಗಲು ಬಂದ. ನಮ್ಮವರು ಅಳಿಯನೆಂದು ಚುರುಮುರಿಯ ಸುಸಲಾ ಮಾಡಿ, ಮೇಲೆ ತುಪ್ಪ ಸುರಿದು ಕೊಟ್ಟರು. ಅವನು ಅದನ್ನು ಚಪ್ಪರಿಸಿದ ಸದ್ದು, ಬೆರಳು ಒಂದೊಂದಾಗಿ ನೆಕ್ಕಿದ ರೀತಿ ನೆನೆದರೆ ಈಗಲೂ ಊಟ ಸೇರುವುದಿಲ್ಲ. ದೊಡ್ಡಪ್ಪ, "ಸುಮನ್, ಚೀಲಾ ತಗೋ" ಎಂದರು. "ನಾ ಹೋಗಂಗಿಲ್ಲ" ಎಂದಳು ಅತ್ತಿ. ಅವನು ಎದ್ದವನೇ ಎಲ್ಲರೆದುರೇ ಕೈ ಎತ್ತಿದ. ಕೂತವರಲ್ಲಿ ಒಬ್ಬನೂ ಅಲುಗಲಿಲ್ಲ. ಅತ್ತಿ ಮಾತ್ರ ಆ ಮಣಿಕಟ್ಟನ್ನು ಗಾಳಿಯಲ್ಲೇ ಹಿಡಿದಳು. ಅವನು ಜಗ್ಗಿದ, ಅವಳು ಬಿಡಲಿಲ್ಲ. ಅವನ ಮುಖವನ್ನೇ ನೋಡುತ್ತ, "ಹೊಡಿಯಾಕ ನನಗೂ ಬರ್ತೈತ್ರಿ. ನಾ ಹೊಡಿಯಂಗಿಲ್ಲ" ಎಂದು ಕೈ ಬಿಟ್ಟಳು. ಅವನು ಟೋಪಿ ಎತ್ತಿಕೊಂಡು ಮೆಟ್ಟಿಲಿಳಿದು ಹೋದ.

ಆಗ ದೊಡ್ಡಪ್ಪನಿಗೆ ಧರ್ಮ ನೆನಪಾಯಿತು. "ಗಂಡನ ಮ್ಯಾಲೆ ಕೈ ಮಾಡಿದಿ. ಹಿಂಸಾ ಆತು. ನಾಳೆ ಉಪವಾಸ ಮಾಡಿ ಪ್ರಾಯಶ್ಚಿತ್ತ ತಗೋ." ಇಷ್ಟು ವರ್ಷ ಗಂಡಸರೆದುರು ಬಾಯಿ ತೆರೆಯದ ಆಯಿ ಗೋಡೆಗೆ ಒರಗಿದ್ದವಳು ಕೇಳಿದಳು: "ಅಂವಾ ಇಷ್ಟ ವರ್ಷ ಹೊಡದಾನಲ್ಲೋ, ಅವನ ಉಪವಾಸ ಎಂದೈತಿ?" ಮರುದಿನ ಅತ್ತಿ ಎಲ್ಲರ ನಡುವೆ ಕೂತು ಹೊಟ್ಟೆ ತುಂಬ ಉಂಡಳು. ಬಡಿಸಿದವಳು ಆಯಿ.

ಮನೆಯ ಗಂಡಸರು ಅವಳೊಂದಿಗೆ ಮತ್ತೆ ಮಾತಾಡಲಿಲ್ಲ. ಆಯಿ ಹೋದ ಮೇಲೆ ಅತ್ತಿ ಅಥಣಿಯಲ್ಲಿ ಒಂದು ಕೋಣೆ ಹಿಡಿದು, ಹೊಲಿಗೆ ಕಲಿಸಿ, ತನ್ನ ಅನ್ನ ತಾನು ಉಂಡಳು. ಮನೆ ಮಾರಿ ಪಾಲಾಯಿತು. ಕಳೆದ ಚಳಿಗಾಲದಲ್ಲಿ ಅತ್ತಿ ತೀರಿಕೊಂಡಾಗ ಅದೇ ಮನೆತನದ ಗಂಡಸರು ಕಾರಿನಲ್ಲಿ ಬಂದಿಳಿದು, "ಭಾಳ ಶಾಂತ ಸ್ವಭಾವದಾಕಿ, ಮನಿತನದ ಮರ್ಯಾದಿ ಉಳಿಸಿದಳು" ಎಂದು ಅಂಗಳದಲ್ಲಿ ಚಹಾ ಕುಡಿಯುತ್ತ ನಿಂತರು. ಅವರ ಮುಖಕ್ಕೆ ಉಗಿಯಬೇಕೆನಿಸಿ ನಾನು ಒಳಗೆ ಹೋದೆ. ಒಳಗೆ ಹೆಂಗಸರು ಅವಳಿಗೆ ಸ್ನಾನ ಮಾಡಿಸಲು ಬೆನ್ನ ಮೇಲಿನ ಸೀರೆ ಸರಿಸಿದ್ದರು. ಹೆಗಲಿನಿಂದ ಸೊಂಟದವರೆಗೆ ಬೀಡಿಯ ತುದಿಯಷ್ಟಷ್ಟೇ ದೊಡ್ಡ ಸುಟ್ಟ ಕಲೆಗಳು, ಒತ್ತೊತ್ತಾಗಿ. ಅವಳು ಅವನ್ನು ಯಾರಿಗೂ ತೋರಿಸಿರಲಿಲ್ಲ, ನನಗೂ. ನಾನು ತಂಬಿಗೆಯಿಂದ ನಿಧಾನವಾಗಿ ನೀರು ಹಾಕಿದೆ. ಇಷ್ಟನ್ನು ಬೆನ್ನ ಮೇಲೆ ಹೊತ್ತಿದ್ದವಳು ಆ ದಿನ ಗಂಡನ ಕೈಯನ್ನು ಹಿಡಿದಿದ್ದಳು, ಹಿಡಿದು, ಹೊಡೆಯದೆ ಬಿಟ್ಟಿದ್ದಳು, ಅಷ್ಟೇ.